ಪಾಸಾದ ಮಾಲೆಲ್ಲ ಒಂದೇ ಗುಣಮಟ್ಟದ್ದಲ್ಲ

ತಪ್ಪು ಕಲ್ಪನೆ: ಫಜಿ ಗಣ ಎಂಬುದು ಸಂಭವನೀಯತೆಗೇ ಇಟ್ಟ ಇನ್ನೊಂದು ಹೆಸರು, ಹಾಗಾಗಿ ಕಾರ್ಖಾನೆಯ ಸಾಧನೆ ಅಳೆಯಲು ಶೇಕಡಾ ಎಷ್ಟು ಮಾಲು ರಿಜೆಕ್ಟ್ ಆಯಿತೆಂಬ ಲೆಕ್ಕ ಸಾಕು.

ಸತ್ಯ: ಎರಡೂ 0ಯಿಂದ 1ರವರೆಗಿನ ಅಂಕಿಗಳನ್ನೇ ಬಳಸುವುದರಿಂದ ಈ ಗೊಂದಲ ಹುಟ್ಟಿದೆ. ಆದರೆ ಅವು ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಲೇತ್‌ನಿಂದ ಮುಂದೆ ಬರಲಿರುವ ಶಾಫ್ಟಿನ ವ್ಯಾಸ ಎಷ್ಟಿರಬಹುದು ಎಂಬುದು ಸಂಭವನೀಯತೆಯ ಪ್ರಶ್ನೆ. ಮೈಕ್ರೋಮೀಟರ್ ಹಿಡಿದು ಅಳೆದರೆ ಅದಕ್ಕೆ ಉತ್ತರ ಸಿಗುತ್ತದೆ. ಆ ಶಾಫ್ಟ್ ಎಷ್ಟರ ಮಟ್ಟಿಗೆ ‘ಚೆನ್ನಾಗಿದೆ’ ಎಂಬ ಪ್ರಶ್ನೆ ಅಳೆದ ಮೇಲೂ ಉಳಿಯುತ್ತದೆ. ಅದು ಫಜಿ ಗಣದ ಪ್ರಶ್ನೆ: ಒಂದು ವಸ್ತು ಗಣಕ್ಕೆ ಎಷ್ಟರ ಮಟ್ಟಿಗೆ ಸೇರುತ್ತದೆ ಎಂಬುದನ್ನು, ಅಂದರೆ ಅದರ ಸದಸ್ಯತ್ವವನ್ನು, ಅಲ್ಲಿ 0ಯಿಂದ 1ರವರೆಗಿನ ಅಂಕಿ ಹೇಳುತ್ತದೆ. ಡ್ರಾಯಿಂಗ್‌ನಲ್ಲಿ 25 ಮಿ.ಮೀ., ಟಾಲರೆನ್ಸ್ ±0.02 ಎಂದಿದ್ದರೆ 25.019 ಪಾಸ್, 25.021 ರಿಜೆಕ್ಟ್. ಇವೆರಡರ ಅಂತರ ಬರೀ 0.002 ಮಿ.ಮೀ. ಸರಿಯಾಗಿ 25.000 ಇರುವ ಶಾಫ್ಟಿಗೂ 25.019ಕ್ಕೂ ಇರುವ ಅಂತರ ಇದರ ಒಂಬತ್ತೂವರೆ ಪಟ್ಟು. ಆದರೂ ವರದಿಯಲ್ಲಿ ಅವೆರಡೂ ಒಂದೇ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೋತ್ಫಿ ಜಾದೆ 1965ರಲ್ಲಿ ಫಜಿ ಗಣಗಳನ್ನು ಮಂಡಿಸಿದರು. 1968ರಲ್ಲಿ ಅವನ್ನು ಸಂಭವನೀಯತೆಯೊಂದಿಗೆ ಜೋಡಿಸಿದರು. ಪ್ರತಿ ಫಲಿತಾಂಶಕ್ಕೆ ಗಣದಲ್ಲಿರುವ ಸದಸ್ಯತ್ವದ ಪ್ರಮಾಣವನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸುವುದೇ ಆ ವಿಧಾನ. ಉದಾಹರಣೆಗೆ, ‘ಚೆನ್ನಾಗಿದೆ’ ಎಂಬ ಗಣದಲ್ಲಿ ಗುರಿಯ ಹತ್ತಿರದ ಶಾಫ್ಟಿಗೆ ಸದಸ್ಯತ್ವ 1, ಮಧ್ಯಮಕ್ಕೆ 0.6, ಅಂಚಿನದಕ್ಕೆ 0.2 ಎಂದಿಟ್ಟುಕೊಳ್ಳೋಣ. ಮೊದಲ ಯಂತ್ರದಲ್ಲಿ ಇವುಗಳ ಸಂಭವನೀಯತೆ ಕ್ರಮವಾಗಿ 0.7, 0.2, 0.1, ಎರಡನೆಯದರಲ್ಲಿ 0.3, 0.4, 0.3. ಎರಡರಲ್ಲೂ ರಿಜೆಕ್ಟ್ ಸೊನ್ನೆ. ಆದರೆ ಮೊದಲಿನದರ ಮೌಲ್ಯ 0.84, ಎರಡನೆಯದು 0.60. ಶೇಕಡಾ 84 ಮಾಲು ಪಾಸಾಯಿತೆಂದು 0.84ಕ್ಕೆ ಅರ್ಥವಲ್ಲ, ಇಡೀ ಉತ್ಪಾದನೆ ಸರಾಸರಿ ಅಷ್ಟರ ಮಟ್ಟಿಗೆ ಚೆನ್ನಾಗಿದೆ ಎಂದರ್ಥ.

ಈ 0.6, 0.2 ಎಂಜಿನಿಯರ್ ಮನಸ್ಸಿಗೆ ಬಂದಂತೆ ಕೊಟ್ಟ ಅಂಕಗಳಲ್ಲವೇ ಎಂಬ ಆಕ್ಷೇಪವಿದೆ. ಆದರೆ ±0.02 ಎಂಬ ಗೆರೆಯೂ ಮನುಷ್ಯರೇ ಎಳೆದದ್ದು. ಜೋಡಣೆಯ ಬಿಗಿ, ಸವೆತ, ಗ್ರಾಹಕರ ದೂರುಗಳನ್ನು ನೋಡಿ ಅಂಕಗಳನ್ನು ಮೊದಲೇ ಬರೆದಿಟ್ಟು, ಅವನ್ನು ತುಸು ಬದಲಿಸಿದರೂ ಯಂತ್ರಗಳ ಶ್ರೇಣಿ ಉಳಿಯುತ್ತದೆಯೇ ಎಂದು ಪರೀಕ್ಷಿಸಿದರೆ ಅವು ಬರೀ ಊಹೆಯಾಗುವುದಿಲ್ಲ. ಈ ವಿಧಾನ ಬರೀ ಸರಾಸರಿ, ಹೊಸದೇನಿದೆ ಎನ್ನುವವರೂ ಇದ್ದಾರೆ. ಸರಾಸರಿ ಎಂಬುದು ನಿಜ. ಆದರೆ ಸಂಭವನೀಯತೆಯ ನಿಯಮಗಳನ್ನು ಮುರಿಯದೆಯೇ, ಪಾಸ್-ರಿಜೆಕ್ಟ್ ಲೆಕ್ಕ ಮರೆಮಾಡಿದ್ದನ್ನು ಅದು ಹೊರಗೆಡಹುತ್ತದೆ. ತಿಂಗಳ ವರದಿಯಲ್ಲಿ ರಿಜೆಕ್ಷನ್ ಅಂಕಿಯ ಪಕ್ಕದಲ್ಲಿ ಈ ಅಂಕಿಯನ್ನೂ ಬರೆಯಿರಿ. ಮೊದಲು ಯಾವ ಯಂತ್ರವನ್ನು ಸರಿಪಡಿಸಬೇಕೆಂಬುದು ಆಗ ತಿಳಿಯುತ್ತದೆ.