ಮರದ ಕಡ್ಡಿಗೆ ಮಣಿದ ನೋವು

ಮೂರು ಅಂಗುಲ ಉದ್ದದ ಎರಡು ಲೋಹದ ಕಡ್ಡಿಗಳು. ಒಂದು ತುದಿ ಚೂಪು. ನೋವಿರುವ ಕಡೆ ಇವನ್ನು ಕೆಲವು ನಿಮಿಷ ಎಳೆದಾಡಿದರೆ ಸಾಕು, ನೋವು ಮಾಯ! ಅಮೆರಿಕದ ಕನೆಕ್ಟಿಕಟ್‌ನ ವೈದ್ಯ ಎಲಿಷಾ ಪರ್ಕಿನ್ಸ್ 1796ರಲ್ಲಿ ಇದಕ್ಕೆ ಪೇಟೆಂಟನ್ನೂ ಪಡೆದ. ಅವನ ಮಗ ಲಂಡನ್ನಿನಲ್ಲಿ ಜೋಡಿಗೆ ಐದು ಗಿನಿಯಂತೆ ಮಾರಿದ. ಕೊಂಡವರೇನೂ ದಡ್ಡರಲ್ಲ. ಪಾದ್ರಿಗಳು, ಪ್ರಾಧ್ಯಾಪಕರು, ವೈದ್ಯರೂ ಸೈ ಎಂದು ಪ್ರಮಾಣಪತ್ರ ಬರೆದುಕೊಟ್ಟಿದ್ದರು.

ಇಂಗ್ಲೆಂಡಿನ ಬಾತ್ ನಗರದಲ್ಲಿದ್ದ ವೈದ್ಯ ಜಾನ್ ಹೇಗಾರ್ತ್‌ಗೆ ಮಾತ್ರ ಸಂಶಯ. 1799ರ ಜನವರಿಯಲ್ಲಿ ಆತ ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣಲು ಬಣ್ಣ ಬಳಿಸಿದ. ಅಲ್ಲಿನ ಆಸ್ಪತ್ರೆಯಲ್ಲಿ ಬಹುಕಾಲದಿಂದ ಸಂಧಿವಾತದಿಂದ ನರಳುತ್ತಿದ್ದ ಐವರ ಮೇಲೆ ಅವುಗಳ ಪ್ರಯೋಗ ನಡೆಯಿತು. ನಾಲ್ವರು ಹಾಯೆನಿಸಿತು ಎಂದರು. ಒಬ್ಬಾತನ ಮಂಡಿ ಬೆಚ್ಚಗಾಯಿತಂತೆ. ಮೊದಲಿಗಿಂತ ಸಲೀಸಾಗಿ ನಡೆಯಲೂ ಆಯಿತು. ಮರುದಿನ ಅಸಲಿ ಲೋಹದ ಕಡ್ಡಿ ಬಳಸಿದರು. ಫಲ ಹೆಚ್ಚುಕಡಿಮೆ ಅಷ್ಟೇ!

ಹಾಗಾದರೆ ಆ ನಾಲ್ವರು ಸುಳ್ಳು ಹೇಳಿದರೆ? ಇಲ್ಲ. ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು 1978ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರಿಗೆ. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧವೇ ಇಲ್ಲದ ಹುಸಿಮದ್ದು, ಅಂದರೆ ಪ್ಲಸೀಬೊ, ಕೊಟ್ಟಾಗ ಕೆಲವರ ನೋವು ಇಳಿಯಿತು. ಬಳಿಕ ಅವರಿಗೆ ನ್ಯಾಲಾಕ್ಸೋನ್ ಕೊಟ್ಟರೆ ನೋವು ಮತ್ತೆ ಏರಿತು. ನ್ಯಾಲಾಕ್ಸೋನ್ ಎಂಬುದು ಅಫೀಮಿನ ಜಾತಿಯ ಮದ್ದುಗಳಿಗೆ ಅಡ್ಡ ನಿಲ್ಲುವ ಔಷಧ. ಎಂದರೆ, ಗುಣವಾಗುತ್ತದೆಂಬ ನಿರೀಕ್ಷೆಯಿಂದ ಮಿದುಳೇ ತನ್ನ ನೋವುನಿವಾರಕವನ್ನು ಸ್ರವಿಸಿತ್ತು.

ಇದರ ಮತ್ತೊಂದು ಮುಖವೂ ಉಂಟು. ಕೆಡುಕಾಗುತ್ತದೆಂದು ಕಾದವರಿಗೆ ಹುಸಿಗುಳಿಗೆಯಿಂದಲೂ ತಲೆನೋವು, ವಾಕರಿಕೆ ಬರುತ್ತವೆ. ಇದಕ್ಕೆ ನೊಸೀಬೊ ಎಂದು ಹೆಸರು. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತ ಹುಡುಗನನ್ನು 'ನಾಟಕ ಸಾಕು' ಎಂದು ಗದರುವ ಅಪ್ಪಂದಿರು ಇದನ್ನು ತುಸು ಯೋಚಿಸಬೇಕು. ಭಯ ಮನಸ್ಸಿನದಾದರೂ ನೋವು ಹೊಟ್ಟೆಯದೇ.

ಆದರೆ ನಂಬಿಕೆಯ ಕೈ ಎಲ್ಲಿಯವರೆಗೆ ಚಾಚೀತು? 2011ರಲ್ಲಿ ಬಾಸ್ಟನ್ನಿನಲ್ಲಿ ಆಸ್ತಮಾ ರೋಗಿಗಳಿಗೆ ಒಮ್ಮೆ ನಿಜವಾದ ಇನ್ಹೇಲರ್, ಇನ್ನೊಮ್ಮೆ ಹುಸಿ ಇನ್ಹೇಲರ್ ಕೊಟ್ಟು ನೋಡಿದರು. ಉಸಿರಾಟ ಎಷ್ಟು ಸುಧಾರಿಸಿತು ಎಂದು ಕೇಳಿದಾಗ ಎರಡಕ್ಕೂ ಬಂದ ಉತ್ತರ ಹತ್ತಿರಹತ್ತಿರ ಒಂದೇ: ಅಸಲಿಗೆ ಶೇ 50, ಹುಸಿಗೆ ಶೇ 45. ಯಂತ್ರದಲ್ಲಿ ಊದಿಸಿ ಅಳೆದಾಗ ಬಣ್ಣ ಬಯಲಾಯಿತು. ನಿಜವಾದ ಔಷಧದಿಂದ ಶ್ವಾಸದ ಬಲ ಶೇ 20ರಷ್ಟು ಏರಿದ್ದರೆ, ಹುಸಿಯಿಂದ ಬರೀ ಶೇ 7. ಏನೂ ಕೊಡದೆ ಸುಮ್ಮನೆ ಕೂರಿಸಿದಾಗಲೂ ಅಷ್ಟೇ ಏರಿತ್ತು! 'ಈಗ ಆರಾಮ' ಎನ್ನುವ ಮಗುವಿನ ಎದೆ ಒಳಗೆ ಇನ್ನೂ ಬಿಗಿದೇ ಇರಬಹುದು.

ಪರ್ಕಿನ್ಸ್‌ಗೆ ತನ್ನ ಮದ್ದುಗಳಲ್ಲಿ ನಂಬಿಕೆ ಕಡಿಮೆಯಿರಲಿಲ್ಲ. 1799ರಲ್ಲಿ ನ್ಯೂಯಾರ್ಕಿನಲ್ಲಿ ಹಳದಿ ಜ್ವರ ಹಬ್ಬಿದಾಗ, ತಾನೇ ಕಂಡುಹಿಡಿದ ಇನ್ನೊಂದು ಔಷಧ ಹಿಡಿದು ರೋಗಿಗಳ ನಡುವೆ ಹೋದ. ಕೆಲವೇ ವಾರಗಳಲ್ಲಿ ಅದೇ ಜ್ವರ ಅವನನ್ನೂ ಬಲಿ ತೆಗೆದುಕೊಂಡಿತು.