ಲಾಭಾಂಶ: ಮನೆಯ ಎರಡನೇ ಪಗಾರ

ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತು ಘಟಪ್ರಭೆಯನ್ನು ನೋಡಿದ್ದೀರಾ? ಮಳೆಗಾಲದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಕೆಂಪು ನೀರು ಗುಡುಗುತ್ತಾ ಬೀಳುತ್ತದೆ. ಬೇಸಿಗೆಯಲ್ಲಿ ಬರೀ ಬಂಡೆ. ಈ ನೀರನ್ನೇ ದುಡಿಮೆಗೆ ಹಚ್ಚಿ 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಕಟ್ಟಿದರು. ಎಷ್ಟೋ ಮನೆಗಳ ಒಲೆ ಉರಿದದ್ದು ಆ ಗಿರಣಿಯ ಪಗಾರದ ಮೇಲೆ. ಪಗಾರ ತಡವಾದರೆ ಮನೆಯಲ್ಲಿ ಏನಾಗುತ್ತದೆಂದು ಗಿರಣಿ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಪಗಾರ ಬಿಟ್ಟು ಬ್ಯಾರೆ ಏನೈತ್ರೀ ನಮಗ?” ಎನ್ನುತ್ತೀರಿ. ಹೊಲವಿದ್ದವರಿಗೆ ಲಾವಣಿ ಬರುತ್ತದೆ, ಮನೆಯಿದ್ದವರಿಗೆ ಬಾಡಿಗೆ. ಎರಡೂ ಇಲ್ಲದವರು ಷೇರಿನ ಲಾಭಾಂಶ, ಅಂದರೆ ಡಿವಿಡೆಂಡ್, ಎಂಬುದನ್ನು ತಿಳಿದುಕೊಳ್ಳಬೇಕು. ಇದು ನಮಗೆ ಹೊಸದೂ ಅಲ್ಲ. ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ. ಸೊಸೈಟಿಯ ಷೇರಿಗೆ ವರ್ಷಕ್ಕೊಮ್ಮೆ ಡಿವಿಡೆಂಡ್ ತಂದುಕೊಂಡವರು ನಿಮ್ಮ ಓಣಿಯಲ್ಲೇ ಇದ್ದಾರು. ಕಂಪನಿಯ ಷೇರೂ ಅದೇ ರೀತಿ: ಲಾಭವಾದರೆ ಅದರಲ್ಲೊಂದು ಪಾಲು ನಿಮಗೆ.

ಎಷ್ಟು ಬಂದೀತು? ಬೆಂಗಳೂರಿನ ಇನ್ಫೋಸಿಸ್ 2024-25ರ ಸಾಲಿಗೆ ಷೇರಿಗೆ ಒಟ್ಟು 43 ರೂಪಾಯಿ ಕೊಟ್ಟಿತು. ನೂರು ಷೇರಿದ್ದವರಿಗೆ 4,300. ಆದರೆ ಷೇರೊಂದಕ್ಕೆ ಒಂದೂವರೆ ಸಾವಿರವೆಂದು ಹಿಡಿದರೂ ಆ ನೂರು ಷೇರಿಗೆ ಒಂದೂವರೆ ಲಕ್ಷ ಹಾಕಿರಬೇಕು! ನೂರಕ್ಕೆ ಮೂರೂ ಬೀಳಲಿಲ್ಲ. ಈ ಲೆಕ್ಕದಲ್ಲಿ ತಿಂಗಳಿಗೆ 10,000 ಬೇಕಾದರೆ 40 ಲಕ್ಷಕ್ಕೂ ಮೇಲೆ ಗಂಟು ಬೇಕು. ಎರಡು ವರ್ಷದಲ್ಲಿ ಕೂತು ಉಣ್ಣಬಹುದೆಂದು ಯಾರಾದರೂ ಹೇಳಿದರೆ ಅವರಿಗೆ ಚಹಾ ಕೊಟ್ಟು ಕಳಿಸಿಬಿಡಿ. ಇದು ಇಪ್ಪತ್ತು ವರ್ಷದ ಕೆಲಸ. ಬಂದ 4,300ರಲ್ಲಿ ಸೀರೆ ಕೊಳ್ಳದೆ ಮತ್ತೆರಡು ಷೇರು ಕೊಂಡರೆ ಮರುವರ್ಷ 102 ಷೇರಿಗೆ ಬರುತ್ತದೆ. (ಸೀರೆ ಬೇಡವೇ ಬೇಡ ಅನ್ನುವಷ್ಟು ಕಠಿಣಳಲ್ಲ ನಾನು, ಮೂರು ವರ್ಷಕ್ಕೊಂದು ಇರಲಿ.)

ಇನ್ನೊಂದು ಮೋಸ ಹೋಗುವ ಜಾಗ. “200 ಪರ್ಸೆಂಟ್ ಡಿವಿಡೆಂಡ್” ಎಂದು ಓದಿ ಹಿಗ್ಗಬೇಡಿ. ಶೇಕಡಾ ಲೆಕ್ಕ ಷೇರಿನ ಮುಖಬೆಲೆಯ ಮೇಲೆ, ನೀವು ಕೊಟ್ಟ ಪೇಟೆ ಬೆಲೆಯ ಮೇಲಲ್ಲ. ಕೆನರಾ ಬ್ಯಾಂಕಿನ ಷೇರಿನ ಮುಖಬೆಲೆ 2 ರೂಪಾಯಿ. 2024-25ಕ್ಕೆ 200 ಪರ್ಸೆಂಟ್ ಎಂದರೆ ಕೈಗೆ ಬಂದದ್ದು 4 ರೂಪಾಯಿ.

ಇದಕ್ಕೂ ಬೇಸಿಗೆ ಉಂಟು. 2020ರಲ್ಲಿ, ಕೊರೋನಾ ಕಾಲಕ್ಕೆ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಿಂದಿನ ಸಾಲಿನ ಲಾಭಾಂಶ ಹಂಚಬೇಡಿ ಎಂದಿತು. ಬರೀ ಬ್ಯಾಂಕ್ ಷೇರು ಇಟ್ಟುಕೊಂಡವರ ಕೈ ಆ ವರ್ಷ ಒಣಗಿತು. ಆದ್ದರಿಂದ ನಾಲ್ಕಾರು ಬೇರೆ ಬೇರೆ ಕಸುಬಿನ ಕಂಪನಿಗಳಿರಲಿ. ಮೊದಲು ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ, ಆಮೇಲೆ ಷೇರು. ಬಂಗಾರ ಒತ್ತೆಯಿಟ್ಟು ಷೇರು ಕೊಳ್ಳುವುದಂತೂ ಬೇಡ. ಠೇವಣಿಗಿರುವ 5 ಲಕ್ಷದ ವಿಮೆ ಯಾವ ಷೇರಿಗೂ ಇಲ್ಲ, ಸೊಸೈಟಿಯ ಷೇರಿಗೂ ಇಲ್ಲ.

ತೆರಿಗೆಯ ಮಾತು: 2020ರ ಏಪ್ರಿಲ್‌ನಿಂದ ಲಾಭಾಂಶ ಪಡೆದವರ ಆದಾಯಕ್ಕೇ ಸೇರುತ್ತದೆ. ಗಂಡ ಕೊಟ್ಟ ಹಣದಿಂದ ಹೆಂಡತಿ ಹೆಸರಲ್ಲಿ ಕೊಂಡರೆ ಆ ಲಾಭಾಂಶ ಗಂಡನ ಲೆಕ್ಕಕ್ಕೇ. ನೀವು ಹೊಲಿಗೆ ಹಾಕಿ, ಕರದಂಟು ಕಟ್ಟಿ ಗಳಿಸಿದ ದುಡ್ಡಾದರೆ ಅದು ನಿಮ್ಮದೇ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೆಯದು. “ಅವರು ಏನೋ ಷೇರು ತಗೊಂಡಿದ್ರು, ಯಾವುದು ಅಂತ ಗೊತ್ತಿಲ್ರೀ” ಎಂದು ಟ್ರಂಕು ತೆಗೆದು ಹುಡುಕುವ ಸ್ಥಿತಿ ಯಾವ ಹೆಣ್ಣುಮಗಳಿಗೂ ಬರಬಾರದು. ಏಳು ವರ್ಷ ಯಾರೂ ಕೇಳದ ಲಾಭಾಂಶ ಸರಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಸತತ ಏಳು ವರ್ಷ ಹಾಗಾದರೆ ಷೇರೂ ಹಿಂದೆಯೇ ಹೋಗುತ್ತದೆ. ಅದರ ಆಸೆ ಬಿಡಬೇಕಿಲ್ಲ. ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು, ಅರ್ಜಿಗೆ ನಿಧಿಯವರು ಶುಲ್ಕ ಕೇಳುವುದಿಲ್ಲ. ಆದರೆ ಕಾಗದಪತ್ರಕ್ಕೆ ಅಲೆದಾಟ ತಪ್ಪಿದ್ದಲ್ಲ.

ಅದಕ್ಕೇ ಈ ಭಾನುವಾರ ಊಟವಾದ ಮೇಲೆ ಮನೆಯವರನ್ನು ಕೂಡಿಸಿಕೊಳ್ಳಿ. ಡಿಮ್ಯಾಟ್ ಖಾತೆ ಎಲ್ಲಿದೆ, ನಾಮಿನಿ ಯಾರು, ಲಾಭಾಂಶ ಯಾವ ಬ್ಯಾಂಕಿಗೆ ಬರುತ್ತದೆ ಎಂದು ಕೇಳಿ, ಕಿರಾಣಿ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ಬರೆದಿಡಿ. “ನಿನಗ್ಯಾಕ ಅದೆಲ್ಲ?” ಎಂದರೆ, ಬರೆದು ಮುಗಿಯುವ ತನಕ ಎರಡನೇ ಚಹಾ ಇಲ್ಲವೆನ್ನಿ.