ಅಂಗಡಿ ನೆಟ್ ಬಂದು ಬಂದು ಹೋಗ್ತಿದೆಯಾ? ರೂಟರ್ ಆಫ್ ಮಾಡೋ ಮುಂಚೆ ಲೈಟ್ ನೋಡಿ

ಹುಣಸೂರು: ಸಂಜೆ ಹೊತ್ತು, ಅಂಗಡಿ ಮುಂದೆ ನಾಲ್ಕು ಜನ ಗಿರಾಕಿಗಳು. ಬಿಲ್ಲಿಂಗ್ ಕಂಪ್ಯೂಟರ್ ಮುಂದಕ್ಕೆ ಹೋಗ್ತಿಲ್ಲ. ಮಾಲೀಕರು ರೂಟರ್ ಆಫ್ ಮಾಡಿ ಆನ್ ಮಾಡ್ತಾರೆ. ಎರಡು ನಿಮಿಷಕ್ಕೆ ನೆಟ್ ಬರುತ್ತೆ, ಅರ್ಧ ಗಂಟೆಗೆ ಮತ್ತೆ ಹೋಗುತ್ತೆ. ಫೈಬರ್ ನೆಟ್ ಹಾಕಿಸಿಕೊಂಡ ಅಂಗಡಿ, ಮನೆಗಳಲ್ಲಿ ಇದು ಸಾಮಾನ್ಯ ಗೋಳು. ಆದರೆ ಆಫ್ ಮಾಡಿದ ಕೂಡಲೇ ತೊಂದರೆ ಎಲ್ಲಿತ್ತು ಅನ್ನೋ ಗುರುತೂ ಅಳಿಸಿ ಹೋಗುತ್ತೆ. ಅದಕ್ಕೇ ಮೊದಲು ಲೈಟ್ ನೋಡಬೇಕು, ಆಮೇಲೆ ಸ್ವಿಚ್ ಮುಟ್ಟಬೇಕು.

ಯಾವ ಲೈಟ್, ಏನು ಅರ್ಥ?

ಎಲ್‌ಒಎಸ್ ಲೈಟ್ ಕೆಂಪಗೆ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರ್ತಿಲ್ಲ ಎಂದರ್ಥ. ಫೈಬರ್ ಒಳಗಿರೋದು ಗಾಜಿನ ಎಳೆ. ರೂಟರ್ ಹಿಂದಿನ ಸಣ್ಣ ವೈರ್ ಮಡಚಿಕೊಂಡಿದೆಯಾ, ಮೂಟೆ ಕೆಳಗೆ ಸಿಕ್ಕಿದೆಯಾ, ಇಲಿ ಕಡಿದಿದೆಯಾ ನೋಡಿ. ಅಲ್ಲಿ ಸರಿಯಿದ್ದರೆ ತೊಂದರೆ ಹೊರಗಿನ ಕೇಬಲ್‌ನಲ್ಲಿರಬಹುದು. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿಟ್ಟು ನೋಡಲೇಬಾರದು. ಅದರಲ್ಲಿ ಬರೋ ಲೇಸರ್ ಕಣ್ಣಿಗೆ ಕಾಣಿಸಲ್ಲ, ಆದರೆ ಹಾನಿ ಮಾಡಬಹುದು.

ಎಲ್ಲ ಲೈಟ್‌ಗಳೂ ಒಮ್ಮೆಲೇ ಆರಿ, ತಾವಾಗೇ ಹತ್ತಿಕೊಂಡರೆ ಅದು ಕರೆಂಟ್ ಸಮಸ್ಯೆ. ಪ್ಲಗ್ ಸಡಿಲ ಇರಬಹುದು, ಅಡಾಪ್ಟರ್ ಸೋತಿರಬಹುದು, ವೋಲ್ಟೇಜ್ ಇಳಿದಿರಬಹುದು. ಹೊಸ ಅಡಾಪ್ಟರ್ ತರುವಾಗ ಹಳೆಯದರ ಮೇಲೆ ಬರೆದಿರೋ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಕಡಿಮೆ ಇರಬಾರದು. ಪದೇ ಪದೇ ಕರೆಂಟ್ ಹೋಗೋ ಕಡೆ ರೂಟರ್‌ಗೆ ಅಂತಲೇ ಬರೋ ಸಣ್ಣ ಯುಪಿಎಸ್ ಉಪಯೋಗಕ್ಕೆ ಬರುತ್ತೆ.

ಪಿಒಎನ್ ಲೈಟ್ ಹಸಿರಾಗಿ ನಿಂತಿದೆ, ಇಂಟರ್‌ನೆಟ್ ಲೈಟ್ ಮಾತ್ರ ಇಲ್ಲ ಅಂದರೆ ಫೈಬರ್ ಸರಿಯಾಗಿದೆ. ರೀಚಾರ್ಜ್ ಮುಗಿದಿದೆಯಾ ನೋಡಿ. ಇಲ್ಲದಿದ್ದರೆ ಕಂಪನಿ ಕಡೆಯೇ ವಿಚಾರಿಸಬೇಕು.

ವೈರ್‌ನಲ್ಲಿ ಬರುತ್ತೆ, ಮೊಬೈಲ್‌ಗೆ ಬರಲ್ಲ

ಲೈಟ್ ಎಲ್ಲ ಸರಿಯಿದ್ದೂ ನೆಟ್ ತಡವರಿಸಿದರೆ ಕಂಪ್ಯೂಟರನ್ನು ಲ್ಯಾನ್ ವೈರ್‌ನಲ್ಲಿ ಜೋಡಿಸಿ ನೋಡಿ. ವೈರ್‌ನಲ್ಲಿ ಚೆನ್ನಾಗಿ ಬಂದರೆ ತಪ್ಪು ವೈಫೈನದ್ದು. ಸಾಲು ಅಂಗಡಿಗಳಲ್ಲಿ ಎಲ್ಲರ ರೂಟರೂ ಒಂದೇ ಚಾನೆಲ್‌ನಲ್ಲಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ ಇರೋದು 1, 6, 11 ಈ ಮೂರೇ ಚಾನೆಲ್. ಕಬ್ಬಿಣದ ರ‍್ಯಾಕ್, ಫ್ರಿಡ್ಜ್ ಹಿಂದೆ ರೂಟರ್ ಇಡಬೇಡಿ.

ವೈರ್‌ನಲ್ಲೂ ಬಿಟ್ಟು ಬಿಟ್ಟು ಬಂದರೆ ಲ್ಯಾನ್ ವೈರ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಪಿನ್‌ನ ಕ್ಲಿಪ್ ಮುರಿದು ಸಡಿಲವಾಗಿದ್ದರೂ ಹೀಗಾಗುತ್ತೆ.

ರೂಟರ್ ಹಿಂದಿನ ಸಣ್ಣ ರಂಧ್ರಕ್ಕೆ ಮಾತ್ರ ಪಿನ್ ಚುಚ್ಚಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಕಂಪನಿಯವರು ಹಾಕಿದ ಸೆಟ್ಟಿಂಗ್ ಅಳಿಸಿ ಹೋಗಿ, ಬರ್ತಿದ್ದ ನೆಟ್ಟೂ ನಿಲ್ಲಬಹುದು.

ಕರೆ ಮಾಡೋ ಮುಂಚೆ

ಪಕ್ಕದ ಅಂಗಡಿಯಲ್ಲಿ ಅದೇ ಕಂಪನಿ ನೆಟ್ ಇದ್ದರೆ, ಅಲ್ಲೂ ಹೋಗಿದೆಯಾ ಕೇಳಿ. ಒಂದೇ ಫೈಬರ್ ಎಳೆಯನ್ನು ಹಲವು ಮನೆ, ಅಂಗಡಿಗಳಿಗೆ ಹಂಚಿರುತ್ತಾರೆ. ಎಲ್ಲರದ್ದೂ ಹೋಗಿದ್ದರೆ ನಿಮ್ಮ ರೂಟರ್ ಕಾರಣವಲ್ಲ. ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋಯ್ತು, ಯಾವ ಲೈಟ್ ಹೇಗಿತ್ತು, ಆಗ ಮಳೆ ಇತ್ತಾ, ಕರೆಂಟ್ ಹೋಗಿತ್ತಾ. ಲೈಟ್‌ಗಳ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಲೈನ್‌ಮ್ಯಾನ್ ಬಂದಾಗ ಬೆಳಕಿನ ಅಳತೆ ಎಷ್ಟಿದೆ ಎಂದು ಕೇಳಿ. ಮೈನಸ್ 20 ಡಿಬಿಎಂ ಆಸುಪಾಸಿದ್ದರೆ ಚೆನ್ನಾಗಿದೆ. ಮೈನಸ್ 27ರ ಹತ್ತಿರ ಹೋದರೆ ಲಿಂಕ್ ನಿಲ್ಲೋದು ಕಷ್ಟ.

ದೂರು ಕೊಟ್ಟಾಗ ಡಾಕೆಟ್ ನಂಬರ್ ತಪ್ಪದೆ ಪಡೆಯಿರಿ. ಟ್ರಾಯ್‌ನ 2012ರ ನಿಯಮದಂತೆ ಅದನ್ನು ಕಂಪನಿ ಕೊಡಲೇಬೇಕು. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ.

ನೆಟ್ ಇಲ್ಲ ಅಂತ ಗಿರಾಕಿಯನ್ನು ವಾಪಸ್ ಕಳಿಸಬೇಕಿಲ್ಲ. ಕ್ಯುಆರ್ ಸ್ಕ್ಯಾನ್ ಮಾಡಿದಾಗ ದುಡ್ಡು ಹೋಗೋದು ಅವರ ಮೊಬೈಲ್ ನೆಟ್‌ನಿಂದ, ನಿಮ್ಮ ವೈಫೈನಿಂದಲ್ಲ. ಒಳಗೆ ಸಿಮ್ ಇರೋ ಸೌಂಡ್‌ಬಾಕ್ಸ್ ಆದರೆ ಅದೂ ಕೂಗುತ್ತೆ. ಆದರೆ ಗಿರಾಕಿ ತೋರಿಸೋ ಪರದೆಯನ್ನಷ್ಟೇ ನಂಬದೆ, ಖಾತೆಗೆ ದುಡ್ಡು ಬಂದಿದ್ದನ್ನು ಮೊಬೈಲ್ ಡೇಟಾ ಹಾಕಿ ನೋಡಿಕೊಂಡೇ ಸಾಮಾನು ಕೊಡಿ.